ಬಾಟಲಿಯ ಕಡ್ಡಿಗಳನ್ನು ಕೋಕೋಪೀಟ್‌ಗೆ ಇಳಿಸುವ ಮೊದಲು

ಮೇಡಂ, ನೀರಿನ ಬಾಟಲಿಯಲ್ಲಿ ಬೇರು ಬಿಟ್ಟ ಫಿಲೊಡೆಂಡ್ರಾನ್ ಮತ್ತು ಮನಿ ಪ್ಲಾಂಟ್ ಕಡ್ಡಿಗಳು ಹನ್ನೆರಡು ಇವೆ, ಯಾವ ಕೋಕೋಪೀಟ್ (ತೆಂಗಿನ ಮಟ್ಟೆಯ ನಾರಿನ ಪುಡಿ) ತರಲಿ, ಯಾವಾಗ ನೆಡಲಿ ಎಂದು ಕೇಳಿದ್ದೀರಿ. ಹಾಸನದ ಅಂಗಡಿಯವರು ‘ತೊಳೆದದ್ದು’ ಎಂದು ಕೊಡುವ, ಒತ್ತಿ ಗಟ್ಟಿ ಮಾಡಿದ ಕೋಕೋಪೀಟ್ ಇಟ್ಟಿಗೆಗೆ ಹೆಚ್ಚು ದುಡ್ಡು ತೆರಬೇಕೇ ಎಂದೂ ಕೇಳಿದ್ದೀರಿ. ತೆರಿ. ಆದರೆ ಮನೆಗೆ ತಂದು ಇನ್ನೊಮ್ಮೆ ತೊಳೆಯಿರಿ.

ಇದನ್ನು ಪೆಟ್ಟು ತಿಂದು ಕಲಿತೆ. ಅಗ್ಗಕ್ಕೆ ಸಿಕ್ಕ ಇಟ್ಟಿಗೆಯನ್ನು ಬಕೆಟ್ಟಿಗೆ ಹಾಕಿ, ಉಬ್ಬಿದ ಕೂಡಲೇ ಕಡ್ಡಿ ನೆಟ್ಟೆ. ಮೂರನೆಯ ವಾರಕ್ಕೆ ಎಲೆಯ ಅಂಚು ಕಾಗದ ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿತು. ಕಿತ್ತು ನೋಡಿದರೆ ಬೇರಿನ ತುದಿಗಳೆಲ್ಲ ಕಪ್ಪು. ತೆಂಗಿನ ಮಟ್ಟೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಹೇರಳ. ಬರೀ ನೀರಿನಲ್ಲಿ ತೊಳೆದರೆ ಸಡಿಲವಾಗಿರುವ ಉಪ್ಪು ಹೋಗುತ್ತದೆ. ನಾರಿಗೆ ಅಂಟಿದ್ದು ಹೋಗುವುದಿಲ್ಲ. ಅದು ಬಿಡಬೇಕಾದರೆ ಆ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರಬೇಕು. ಇಲ್ಲವಾದರೆ ನೀವು ಆಮೇಲೆ ಕೊಡುವ ಕ್ಯಾಲ್ಸಿಯಮ್ಮನ್ನು ಗಿಡಕ್ಕಿಂತ ಮೊದಲು ಕೋಕೋಪೀಟೇ ನುಂಗುತ್ತದೆ.

650 ಗ್ರಾಂ ಇಟ್ಟಿಗೆ ಉಬ್ಬಿದರೆ ಎಂಟೊಂಬತ್ತು ಲೀಟರ್ ಆಗುತ್ತದೆ, ನಿಮಗೆ ಒಂದು ಸಾಕು. ನೆನೆಸಿ, ಹಳೆಯ ಗೋಣಿಚೀಲದಲ್ಲಿ ಹಾಕಿ ಎರಡು ಮೂರು ಸಲ ನೀರು ಹಾಯಿಸಿ. ಮೊದಲು ಕಷಾಯದಂಥ ನೀರು ಇಳಿಯುತ್ತದೆ. ಅದು ತಿಳಿಯಾದ ಮೇಲೆ ಆರು ಲೀಟರ್ ನೀರಿಗೆ ಸುಮಾರು 12 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಕರಗಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಬಸಿದು, ಒಮ್ಮೆ ಸಾದಾ ನೀರು ಹಾಯಿಸಿದರೆ ಮುಗಿಯಿತು. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಂದು ಉಪ್ಪು ತೆಗೆದು ಇನ್ನೊಂದನ್ನು ತುಂಬಿದ ಹಾಗೆ.

ಬರೀ ಕೋಕೋಪೀಟಿನಲ್ಲಿ ನೆಡಬೇಡಿ. ಬಯಲುಸೀಮೆಯವರಿಗೆ ಅದು ನಡೆದೀತು. ಆಷಾಢದಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ನಮ್ಮ ಚಿಕ್ಕಮಗಳೂರಿನಂಥ ಊರಿನಲ್ಲಿ ಕುಂಡದ ನೀರು ಎಲ್ಲಿಗೆ ಹೋಗಬೇಕು? ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರವಾದ ಬಿಳಿ ಹರಳು), ಒಂದು ಪಾಲು ಮಟ್ಟೆಯ ಚೂರು ಬೆರೆಸಿ. ಮಟ್ಟೆಯ ಚೂರನ್ನೂ ಹೀಗೆಯೇ ತೊಳೆಯಬೇಕು. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಲ್ಲ.

ಬೇರು ಎರಡು ಮೂರು ಅಂಗುಲ ಬೆಳೆಯಲಿ ಎಂದು ಕಾಯುವವರೇ ಹೆಚ್ಚು. ನೀರಿನಲ್ಲಿ ಬೆಳೆದ ಬೇರು ಮೃದು, ಉದ್ದವಾದಷ್ಟೂ ಮುರಿಯುವುದು ಜಾಸ್ತಿ. ಒಂದು ಅಂಗುಲ ಬಂದು ಕವಲೊಡೆಯಲು ಶುರುವಾದರೆ ಇಳಿಸಿಬಿಡಿ. ತೋಟದಲ್ಲಿ ಮೆಣಸಿನ ಹಂಬು ಕತ್ತರಿಸಿ ಚೀಲಕ್ಕೆ ಇಳಿಸುವುದನ್ನು ನೋಡಿದ್ದೀರಲ್ಲ, ಕೆಲಸ ಅದೇ. ತಾಯಿಬಳ್ಳಿಯ ಗುಣವೇ ಮರಿಗೂ. ನಾಲ್ಕು ಅಂಗುಲದ ಕುಂಡ ಸಾಕು, ದೊಡ್ಡದರಲ್ಲಿ ಬೇರು ಮುಟ್ಟದ ಭಾಗವೆಲ್ಲ ಹಸಿಯಾಗಿಯೇ ಉಳಿದು ಕೊಳೆ ಬರುತ್ತದೆ. ಕಡ್ಡಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬೇರು ಬಿಟ್ಟ ಗೆಣ್ಣು ಮುಚ್ಚುವಷ್ಟು ಮಿಶ್ರಣವನ್ನು ಸುತ್ತಲೂ ಉದುರಿಸಿ. ಒತ್ತಬೇಡಿ; ಕುಂಡವನ್ನು ಎರಡು ಸಲ ಮೇಜಿಗೆ ತಟ್ಟಿದರೆ ತಾನೇ ಕೂರುತ್ತದೆ.

ಮೊದಲ ವಾರ ತೇವ ಆರದಂತೆ ನೋಡಿಕೊಳ್ಳಿ, ಬೇರಿಗೆ ನೀರಿನ ಅಭ್ಯಾಸ ತಪ್ಪಬೇಕಲ್ಲ. ತೂತು ಮಾಡಿದ ಪ್ಲಾಸ್ಟಿಕ್ ಕವರನ್ನು ಮೇಲೆ ಹೊದಿಸಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ಹಳೆಯ ಎಲೆಯೊಂದು ಹಳದಿಯಾದರೆ ಗಾಬರಿ ಬೇಡ. ಆಮೇಲೆ ಮೇಲ್ಪದರ ಒಣಗಿದ ಮೇಲೆಯೇ ನೀರು. ಸಣ್ಣ ಕಪ್ಪು ನೊಣ ಹಾರಾಡಿದರೆ ನೀರು ಹೆಚ್ಚಾಗಿದೆ ಎಂದೇ ಲೆಕ್ಕ.

ಕೋಕೋಪೀಟಿನಲ್ಲಿ ಗಿಡಕ್ಕೆ ಸಿಗುವ ಆಹಾರ ಇಲ್ಲವೆಂದೇ ಹೇಳಬೇಕು. ಹತ್ತು ದಿನದ ನಂತರ ಲೀಟರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಕೊಡಿ, ಮುಂದಿನ ವಾರ ಅಷ್ಟೇ ಕ್ಯಾಲ್ಸಿಯಂ ನೈಟ್ರೇಟ್. ಎರಡನ್ನೂ ಒಂದೇ ನೀರಿಗೆ ಹಾಕಬೇಡಿ, ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಬಿಳಿಯ ಗಸಿಯಾಗಿ ತಳಕ್ಕೆ ಕೂರುತ್ತವೆ.

ಹನ್ನೆರಡನ್ನೂ ಒಂದೇ ದಿನ ಇಳಿಸಬೇಡಿ. ಬೇರು ಚೆನ್ನಾಗಿರುವ ಆರನ್ನು ಈಗ ನೆಡಿ. ಉಳಿದವು ಬಾಟಲಿಯಲ್ಲೇ ಇರಲಿ, ವಾರಕ್ಕೊಮ್ಮೆ ನೀರು ಬದಲಿಸಿ. ನೆಟ್ಟವುಗಳಲ್ಲಿ ಹೊಸ ಚಿಗುರು ಕಂಡಾಗ ಒಂದು ಫೋಟೋ ಹಾಕಿ, ಮಿಕ್ಕಿದ್ದಕ್ಕೆ ಮಿಶ್ರಣ ಬದಲಿಸಬೇಕೇ ನೋಡೋಣ.