ನುಡಿ ಪ್ರಶ್ನೋತ್ತರ: ‘ಇ’ ಎಲ್ಲ ಕಡೆಯೂ ಒಂದೇ ‘ಇ’ಯೇ?

ಪ್ರಶ್ನೆ: ‘ಇ’ ಸ್ವರ ಇಲ್ಲದ ಭಾಷೆಯೇ ಜಗತ್ತಿನಲ್ಲಿ ಇಲ್ಲ ಎನ್ನುತ್ತಾರೆ. ನಿಜವೇ? (ಧಾರವಾಡದಿಂದ)

ಉತ್ತರ: ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. ಜಗತ್ತಿನ ಭಾಷೆಗಳ ಧ್ವನಿಪಟ್ಟಿಗಳನ್ನು ಕೂಡಿಹಾಕಿರುವ ‘ಫೋಯ್ಬಲ್’ ಸಂಗ್ರಹದಲ್ಲಿ ಸುಮಾರು 92% ಪಟ್ಟಿಗಳಲ್ಲಿ ‘ಇ’ ಇದೆ. ‘ಉ’, ‘ಅ’ ಎರಡೂ ಅದರ ಹಿಂದೆ. ಮೂರೇ ಸ್ವರಗಳಲ್ಲಿ ಸಂಸಾರ ಮಾಡುವ ಶಾಸ್ತ್ರೀಯ ಅರಬ್ಬಿ, ಗ್ರೀನ್‌ಲ್ಯಾಂಡಿನ ಇನ್ಯೂಟ್ ನುಡಿ, ಆಂಡಿಸ್ ಪರ್ವತಗಳ ಕೆಚುವ ಕೂಡ ಆರಿಸಿಕೊಂಡಿರುವುದು ಇವೇ ಮೂರನ್ನು. ಬಾಯಿಯೊಳಗೆ ಇವು ಒಂದರಿಂದೊಂದು ಆದಷ್ಟು ದೂರದ ಮೂಲೆಗಳು, ಹಾಗಾಗಿ ಕಿವಿಗೆ ಗೊಂದಲ ಕಡಿಮೆ. ‘ಇ’ಯ ಮೂಲೆ ಎಂದರೆ ನಾಲಿಗೆ ಮುಂದಕ್ಕೆ ಸರಿದು, ಗಟ್ಟಿ ಅಂಗುಳಿನ ಹತ್ತಿರಕ್ಕೆ ಏರಿ, ತುಟಿ ಉರುಟಾಗದೆ ಉಳಿಯುವ ಜಾಗ.

ಆದರೆ ನೆರೆಹೊರೆ ಕಡಿಮೆಯಿದ್ದಷ್ಟೂ ಸ್ವರಕ್ಕೆ ಓಡಾಡಲು ಜಾಗ ಜಾಸ್ತಿ. ಕೆಚುವದಲ್ಲಿ ಗಂಟಲಿನ ಹತ್ತಿರ ಹುಟ್ಟುವ ಒಂದು ‘ಕ’ ಇದೆ. ಅದರ ಪಕ್ಕಕ್ಕೆ ಬಂದ ‘ಇ’ ಜಾರಿ ‘ಎ’ಯಂತೆ ಕೇಳಿಸುತ್ತದೆ. ಆ ನುಡಿಯವರಿಗೆ ಅದು ‘ಇ’ಯೇ. ಐದು ಸ್ವರಗಳ ಸ್ಪ್ಯಾನಿಷ್ ಕಿವಿಗೆ ಮಾತ್ರ ಅದು ‘ಎ’. ‘ಕಿಚುವ’ ಎಂದಿರಬೇಕಾದ ಹೆಸರು ‘ಕೆಚುವ’ ಆದದ್ದು ಹೀಗೆ.

ಅಪವಾದಗಳೂ ಇವೆ. ಕಾಕಸಸ್ ಪ್ರದೇಶದ ಅಬ್ಖಾಜ್ ಭಾಷೆಗೆ ಎರಡೇ ಮೂಲಸ್ವರ ಎಂದು ವಿಶ್ಲೇಷಿಸುವುದುಂಟು, ಅವುಗಳಲ್ಲಿ ‘ಇ’ ಇಲ್ಲ. ಆದರೂ ‘ಯ’ಕಾರದ ಪಕ್ಕದಲ್ಲಿ ‘ಇ’ ಕೇಳಿಸುತ್ತದೆ! ಧ್ವನಿ ಇದೆ, ಅದಕ್ಕೆ ಸ್ವಂತ ಸ್ಥಾನ ಇಲ್ಲ.

ಪ್ರಶ್ನೆ: ಮಕ್ಕಳಿಗೆ ಇಂಗ್ಲಿಷಿನ ‘ಶಿಪ್’, ‘ಶೀಪ್’ ಹೇಳಿಕೊಡುವಾಗ ಹ್ರಸ್ವ, ದೀರ್ಘ ಎಂದರೆ ಸಾಲದೇ? (ತುಮಕೂರಿನಿಂದ)

ಉತ್ತರ: ಸಾಲದು. ಕನ್ನಡದಲ್ಲಿ ‘ಇ’, ‘ಈ’ಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಕಾಲ. ಇಂಗ್ಲಿಷಿನಲ್ಲಿ ನಾಲಿಗೆಯ ಎತ್ತರವೇ ಬೇರೆ. ಅಲ್ಲಿ ‘ಟ್’, ‘ಪ್’, ‘ಕ್’ ಮುಂದಿದ್ದರೆ ದೀರ್ಘವೂ ಮೊಟಕಾಗುತ್ತದೆ. ‘ಬೀಟ್’ನ ‘ಈ’ಗೂ ‘ಬಿಡ್’ನ ‘ಇ’ಗೂ ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಉದ್ದವನ್ನೇ ನಂಬಿದ ಮಗು ಇಲ್ಲಿ ಎಡವುತ್ತದೆ.

ಹೀಗೆ ಮಾಡಿಸಿ: ‘ಈ’ ಎಂದು ಎರಡು ಸೆಕೆಂಡು ಹಿಡಿಯಲಿ. ಧ್ವನಿ ನಿಲ್ಲಿಸದೆ ದವಡೆಯನ್ನು ಮೆಲ್ಲಗೆ ‘ಎ’ ಕಡೆಗೆ ಇಳಿಸಲಿ, ಅರ್ಧ ದಾರಿಯಲ್ಲಿ ನಿಲ್ಲಲಿ, ತುಟಿ ಸಡಿಲವಾಗಿರಲಿ. ‘ಶಿಪ್’ನ ಸ್ವರ ಇರುವುದು ಅಲ್ಲೇ. ಪೂರ್ತಿ ಇಳಿದರೆ ‘ಶೆಪ್’ ಆಗಿಬಿಡುತ್ತದೆ.

ಅಳೆದು ನೋಡಬೇಕೆಂದರೆ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವಿದೆ. 1952ರ ಪ್ರಸಿದ್ಧ ಅಮೆರಿಕನ್ ಅಳತೆಯಲ್ಲಿ ಗಂಡಸರ ‘ಶೀಪ್’ ಸ್ವರದ ಮೊದಲ ಎರಡು ಫಾರ್ಮಂಟ್‌ಗಳ (ಬಾಯಿಯ ಆಕಾರಕ್ಕೆ ತಕ್ಕಂತೆ ಸ್ವರದಲ್ಲಿ ಬಲಗೊಳ್ಳುವ ಕಂಪನಗಳ) ಸರಾಸರಿ 270, 2290 ಹರ್ಟ್ಸ್. ‘ಶಿಪ್’ನದು 390, 1990. ಮೊದಲನೆಯದು ಏರಿದರೆ ನಾಲಿಗೆ ಇಳಿದಿದೆ ಎಂದರ್ಥ. ಪ್ರಾಟ್‌ನಲ್ಲಿ ಫಾರ್ಮಂಟ್ ಹುಡುಕುವ ಮೇಲ್ಮಿತಿಯನ್ನು ಗಂಡಸರಿಗೆ 5000, ಹೆಂಗಸರಿಗೆ 5500 ಹರ್ಟ್ಸ್ ಇಡಿ, ಮಕ್ಕಳಿಗೆ ಇನ್ನೂ ಮೇಲೆ. ಇದು ತಪ್ಪಿದರೆ ಅಂಕಿಗಳೇ ತಪ್ಪುತ್ತವೆ, ಪಾಪ ಮಗುವಿಗೆ ಬೈಗುಳ.

ಇನ್ನೊಂದು ನಮ್ಮದೇ ಅಭ್ಯಾಸ: ಪದದ ಮೊದಲ ‘ಇ’ಗೆ ನಾವು ಅರಿವಿಲ್ಲದೆ ‘ಯ್’ ಸೇರಿಸುತ್ತೇವೆ. ‘ಇಲ್ಲಿ’ ‘ಯಿಲ್ಲಿ’ ಆದರೆ ನಷ್ಟವಿಲ್ಲ. ಇಂಗ್ಲಿಷಿನ ‘ಈಸ್ಟ್’ ‘ಯೀಸ್ಟ್’ ಆದರೆ ಪೂರ್ವದಿಕ್ಕು ಹೋಗಿ ಬೇಕರಿ ಬರುತ್ತದೆ. ಮೊದಲು ‘ಹೀಸ್ಟ್’ ಎನ್ನಿಸಿ, ಆಮೇಲೆ ‘ಹ್’ ಬಿಡಿಸಿ. ನಾಲಿಗೆ ‘ಯ್’ಗೆ ಹಾರುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲಿ ‘ಸೆವಿ’. ಏಕೆ? (ಕೋಲಾರದಿಂದ)

ಉತ್ತರ: ಎರಡು ಬದಲಾವಣೆ, ಎರಡರ ಹಿಂದೆಯೂ ಬಾಯಿಯ ಮುಂಭಾಗದ ಸ್ವರವೇ. ಮೂಲದಲ್ಲಿ ಮೊದಲ ಸ್ವರ ‘ಎ’. ತುಳುವಿನ ‘ಕೆಬಿ’ ಅದನ್ನು ಇನ್ನೂ ಉಳಿಸಿಕೊಂಡಿದೆ. ಕನ್ನಡದಲ್ಲಿ ಮುಂದಿನ ‘ಇ’ ಹಿಂದಿನ ‘ಎ’ಯನ್ನು ತನ್ನೆತ್ತರಕ್ಕೆ ಎಳೆದುಕೊಂಡಿತು. ತಮಿಳಿನ ‘ವೆಯಿಲ್’ ನಮ್ಮಲ್ಲಿ ‘ಬಿಸಿಲು’ ಆಗಿರುವುದೂ ಹೀಗೆಯೇ. ‘ಹೆಸರು’ ಪದದಲ್ಲಿ ಮುಂದಿರುವುದು ‘ಅ’, ಆದ್ದರಿಂದ ‘ಎ’ ಅಲುಗಲಿಲ್ಲ.

ತಮಿಳು, ತೆಲುಗುಗಳಲ್ಲಿ ಬದಲಾದದ್ದು ವ್ಯಂಜನ. ‘ಕೂ’, ‘ಕೀ’ ಎಂದು ಹೇಳಿ ನೋಡಿ: ‘ಕೀ’ಯಲ್ಲಿ ನಾಲಿಗೆ ತಾಗುವ ಜಾಗ ಮುಂದಿದೆ. ಇನ್ನೂ ಮುಂದಕ್ಕೆ ಸರಿದರೆ ‘ಚ’. ಲ್ಯಾಟಿನ್ನಿನ ‘ಕೆಂಟುಮ್’ (ನೂರು) ಇಟಾಲಿಯನ್ನಿನಲ್ಲಿ ‘ಚೆಂತೊ’ ಆದದ್ದೂ ಇದೇ ದಾರಿಯಲ್ಲಿ. ಕನ್ನಡವೂ ತುಳುವೂ ‘ಕ’ ಬಿಟ್ಟುಕೊಡಲಿಲ್ಲ.

ಪ್ರಶ್ನೆ: ಟರ್ಕಿಯ ಗ್ರಾಹಕರ ಕಂಪ್ಯೂಟರಿನಲ್ಲಿ ನಮ್ಮ ತಂತ್ರಾಂಶಕ್ಕೆ ಇಂಗ್ಲಿಷಿನ ‘ಐ’ (I) ಅಕ್ಷರವಿರುವ ಕಡತದ ಹೆಸರುಗಳು ಸಿಗುತ್ತಿಲ್ಲ. (ಬೆಂಗಳೂರಿನಿಂದ)

ಉತ್ತರ: 1928ರ ಟರ್ಕಿಶ್ ಲಿಪಿಯಲ್ಲಿ ‘ಐ’ ಎರಡು. ಚುಕ್ಕೆಯಿರುವುದು ‘ಇ’. ಚುಕ್ಕೆಯಿಲ್ಲದ್ದು ನಾಲಿಗೆ ಹಿಂದಕ್ಕೆ ಸರಿದ, ತುಟಿ ಉರುಟಾಗದ ಬೇರೆಯೇ ಸ್ವರ. ತುಳುವರಿಗೆ ಇಂಥದ್ದು ಹೊಸದಲ್ಲ. ದೊಡ್ಡಕ್ಷರದಲ್ಲೂ ಈ ಭೇದ ಉಳಿಯುವುದರಿಂದ, ಟರ್ಕಿಶ್ ವ್ಯವಸ್ಥೆಯಲ್ಲಿ ಮಾಮೂಲಿ ದೊಡ್ಡ ‘ಐ’ಯನ್ನು ಚಿಕ್ಕದು ಮಾಡಿದರೆ ಚುಕ್ಕೆಯಿಲ್ಲದ್ದು ಬರುತ್ತದೆ, ಹೆಸರು ಹೊಂದುವುದಿಲ್ಲ. ಕಡತದ ಹೆಸರು ಹೋಲಿಸುವಾಗ ಬಳಕೆದಾರರ ಭಾಷೆಯ ನಿಯಮ ಬಿಟ್ಟು ತಟಸ್ಥ ನಿಯಮ ಬಳಸಿ. ಜಾವಾದಲ್ಲಾದರೆ ‘ಲೊಕೇಲ್ ರೂಟ್’. ಪರದೆಯ ಮೇಲೆ ಜನ ಓದುವ ಪಠ್ಯಕ್ಕೆ ಮಾತ್ರ ಟರ್ಕಿಶ್ ನಿಯಮವೇ ಇರಲಿ.