ಲೂಯಿಸ್ ಚುಕ್ಕಿ ರಚನೆ (ಅಣುವಿನ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ಬರೆಯುವಾಗ ದ್ವಿಬಂಧ (ಎರಡು ಪರಮಾಣುಗಳು ಎರಡು ಜೋಡಿ ಎಲೆಕ್ಟ್ರಾನ್ ಹಂಚಿಕೊಳ್ಳುವ ಬಂಧ) ಬೇಕೆಂದು ಹೇಗೆ ಗೊತ್ತಾಗುತ್ತದೆ?

ಎಲೆಕ್ಟ್ರಾನ್‌ಗಳ ಲೆಕ್ಕವೇ ಅದನ್ನು ಹೇಳುತ್ತದೆ. ಹೊರಕವಚದ ಎಲೆಕ್ಟ್ರಾನ್‌ಗಳನ್ನೆಲ್ಲ ಹಂಚಿ ಮುಗಿದ ಮೇಲೂ ನಡುವಿನ ಪರಮಾಣುವಿಗೆ ಬೇಕಾದ 8 ಎಲೆಕ್ಟ್ರಾನ್ ತುಂಬದಿದ್ದರೆ, ಪಕ್ಕದ ಪರಮಾಣುವಿನ ಒಂಟಿ ಜೋಡಿಯನ್ನು (ಬಂಧದಲ್ಲಿ ಸೇರದ ಎರಡು ಚುಕ್ಕಿಗಳನ್ನು) ಬಂಧವಾಗಿಸಬೇಕು. ಬಂಧದ ಜೋಡಿ ಎರಡೂ ಪರಮಾಣುಗಳ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕೊಟ್ಟ ಪರಮಾಣುವಿನ 8 ಹಾಗೆಯೇ ಉಳಿದು, ಪಡೆದದ್ದಕ್ಕೆ 2 ಹೆಚ್ಚುತ್ತದೆ.

ಕಾರ್ಬನ್ ಡೈಆಕ್ಸೈಡನ್ನೇ ತೆಗೆದುಕೊಳ್ಳಿ. ಕಾರ್ಬನ್ನಿನದು 4, ಎರಡು ಆಕ್ಸಿಜನ್‌ಗಳದು 6ರಂತೆ 12, ಒಟ್ಟು 16. ಕಾರ್ಬನ್ನನ್ನು ನಡುವೆ ಇಟ್ಟು ಎರಡು ಏಕಬಂಧ ಹಾಕಿದರೆ 4 ಖರ್ಚು. ಉಳಿದ 12ನ್ನು ಮೊದಲು ಹೊರಗಿನ ಆಕ್ಸಿಜನ್‌ಗಳಿಗೆ 6ರಂತೆ ಹಂಚಿ. ಈಗ ಕೈಯಲ್ಲಿ ಏನೂ ಉಳಿದಿಲ್ಲ, ಕಾರ್ಬನ್ ಬಳಿ ಮಾತ್ರ ಬರೀ 4. ಪ್ರತಿ ಆಕ್ಸಿಜನ್ನಿನಿಂದ ಒಂದೊಂದು ಜೋಡಿಯನ್ನು ಒಳಗೆ ಸರಿಸಿದರೆ ಎರಡು ದ್ವಿಬಂಧಗಳಾಗುತ್ತವೆ, ಎಲ್ಲರಿಗೂ 8.

ಒಂದೇ ಆಕ್ಸಿಜನ್ನಿನಿಂದ ಎರಡೂ ಜೋಡಿ ಸರಿಸಿ ತ್ರಿಬಂಧ ಮಾಡಿದರೂ 8 ತುಂಬುತ್ತದೆ ನಿಜ. ಆದರೆ ಆಗ ಒಂದು ಆಕ್ಸಿಜನ್ನಿಗೆ +1, ಇನ್ನೊಂದಕ್ಕೆ −1 ಔಪಚಾರಿಕ ಆವೇಶ ಬರುತ್ತದೆ. ಅಂದರೆ, ಬಂಧದ ಜೋಡಿಗಳನ್ನು ಸಮನಾಗಿ ಪಾಲು ಮಾಡಿದಾಗ ಮೂಲ ಎಲೆಕ್ಟ್ರಾನ್ ಸಂಖ್ಯೆಗಿಂತ ಒಂದು ಕಡಿಮೆ, ಒಂದು ಹೆಚ್ಚು. ಎಲ್ಲ ಕಡೆ ಸೊನ್ನೆ ಬರುವ ರಚನೆಯೇ ಇಲ್ಲಿ ಮೇಲು.

ಹೆಚ್ಚಿನವರು ಎಡವುವುದು ಕಾರ್ಬನ್ ಸುತ್ತ ಇಲ್ಲದ 4 ಚುಕ್ಕಿಗಳನ್ನು ಸೇರಿಸುವುದರಲ್ಲಿ. ಕೊನೆಗೆ ಚುಕ್ಕಿಗಳನ್ನು ಮತ್ತೆ ಎಣಿಸಿ: 20 ಬಂದರೆ ತಪ್ಪು, 16 ಇರಲೇಬೇಕು. ಅಯಾನುಗಳಲ್ಲಿ (ಆವೇಶ ಹೊತ್ತ ಕಣಗಳಲ್ಲಿ) ಋಣ ಆವೇಶಕ್ಕೆ ಎಲೆಕ್ಟ್ರಾನ್ ಕೂಡಿಸಬೇಕು, ಧನ ಆವೇಶಕ್ಕೆ ಕಳೆಯಬೇಕು. ನೈಟ್ರೇಟಿಗೆ (NO₃⁻) 5 + 18 + 1 = 24, ಅಮೋನಿಯಮ್‌ಗೆ (NH₄⁺) 5 + 4 − 1 = 8.