ಬೆರಳು ಬಿಡದ ಪುಟ್ಟ

(ತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಜೂನ್ ಕೊನೆಯ ವಾರ. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಮಕ್ಕಳ ಓಟ, ನೆಗೆತ, ಆಟದ ಬಗ್ಗೆ ಅಪ್ಪ ಅಮ್ಮಂದಿರಿಗೆ ಸಲಹೆ ಕೊಡುವುದು ನನ್ನ ಕೆಲಸ. ಕೊಡೆ ಮಡಿಸಿ ಬಾಗಿಲ ಮೂಲೆಗಿಟ್ಟು ಮೂವರು ನನ್ನ ಕೊಠಡಿಯೊಳಗೆ ಬಂದರು. ಅಮ್ಮ, ಅಜ್ಜಿ, ಅಜ್ಜಿಯ ಸೊಂಟದ ಮೇಲೆ ನಾಲ್ಕು ವರ್ಷ ಮೂರು ತಿಂಗಳ ಪುಟ್ಟ. ಅಷ್ಟು ದೊಡ್ಡ ಹುಡುಗನನ್ನು ಹೊತ್ತು ಅಜ್ಜಿಗೆ ಏದುಸಿರು.

ಎಲ್‌ಕೆಜಿ ಸೇರಿ ಮೂರು ವಾರ ಆಗಿತ್ತು. ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು: ಓಡುವಾಗ ಬೀಳುತ್ತಾನೆ, ಆಟದ ಹೊತ್ತಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾನೆ, ಮೆಟ್ಟಿಲು ಒಬ್ಬನೇ ಇಳಿಯುವುದಿಲ್ಲ, ಡಾಕ್ಟರಿಗೆ ತೋರಿಸಿ. ಅಮ್ಮ ರಾತ್ರಿಯಿಡೀ ಮೊಬೈಲಲ್ಲಿ ಹುಡುಕಿ ನಾಲ್ಕೈದು ಕಾಯಿಲೆಗಳ ಹೆಸರು ಬರೆದುಕೊಂಡು ಬಂದಿದ್ದರು. ಅಜ್ಜಿಯ ಸಿಟ್ಟೇ ಬೇರೆ. "ಮಗು ಸ್ವಲ್ಪ ಸೂಕ್ಷ್ಮ ಅಷ್ಟೇ ಮೇಡಂ. ಈ ಸ್ಕೂಲಿನೋರಿಗೆ ಎಲ್ಲಾ ಮಕ್ಳೂ ಕೋತಿ ಥರ ಕುಣೀಬೇಕು."

ನನ್ನ ಕೊಠಡಿಯ ಬಾಗಿಲಲ್ಲಿ ಒಂದು ಮೆಟ್ಟಿಲಿದೆ. ಗೇಣೆತ್ತರವೂ ಇಲ್ಲ. "ಅಲ್ಲಿಂದ ಈ ಚಾಪೆಗೆ ನೆಗೀತೀಯಾ ಪುಟ್ಟ?" ಅಂದೆ. ಅವನು ಕಾಲು ನೋಡಲಿಲ್ಲ, ಚಾಪೆಯನ್ನೂ ನೋಡಲಿಲ್ಲ. ಬಲಗೈಯನ್ನು ಪಕ್ಕಕ್ಕೆ ಚಾಚಿದ. ಅಮ್ಮ ನನ್ನ ಜೊತೆ ಮಾತಾಡುತ್ತಲೇ ಇದ್ದರು. ಅವರ ತೋರುಬೆರಳು ತಾನಾಗಿಯೇ ಹೋಗಿ ಆ ಪುಟ್ಟ ಮುಷ್ಟಿಯೊಳಗೆ ಸೇರಿಕೊಂಡಿತು. ಅತ್ತ ತಿರುಗಿಯೂ ನೋಡಲಿಲ್ಲ ಅವರು.

ಆಮೇಲೆ ಚೆಂಡು ಎಸೆದೆ. ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿಕೊಂಡ. ಚೆಂಡು ಎದೆಗೆ ಬಡಿದು ಕೆಳಗೆ ಬಿದ್ದ ಮೇಲೆ ಎರಡೂ ಕೈ ಕೂಡಿಸಿದ. ಹಿಡಿಯಲು ಕಲಿಯುವ ಬಹಳಷ್ಟು ಮಕ್ಕಳು ಶುರುವಿನಲ್ಲಿ ಹೀಗೇ ಮಾಡುತ್ತಾರೆ. ಇವನ ವಯಸ್ಸಿಗೆ ದೊಡ್ಡ ಚೆಂಡನ್ನಾದರೂ ಹೆಚ್ಚಿನ ಸಲ ಹಿಡಿಯಬೇಕಿತ್ತು, ಅಷ್ಟೇ.

ನಾನು ವೈದ್ಯೆ ಅಲ್ಲ. ಆದ್ದರಿಂದ ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಓದುತ್ತಿರುವ ಅಪ್ಪ ಅಮ್ಮಂದಿರೂ ಇದನ್ನು ನೆನಪಿಟ್ಟುಕೊಳ್ಳಿ. ನೆಲದಿಂದ ಏಳುವಾಗ ಮಗು ತನ್ನ ತೊಡೆಗೆ ಕೈಯೂರಿಕೊಂಡು ಏಳುತ್ತದಾ? ಸದಾ ತುದಿಗಾಲಲ್ಲೇ ನಡೆಯುತ್ತದಾ? ಒಂದೇ ಪಕ್ಕದ ಕೈಕಾಲು ಬಳಸುತ್ತದಾ? ಮೊದಲು ಬರುತ್ತಿದ್ದದ್ದು ಈಗ ಮರೆತುಹೋಗಿದೆಯಾ? ಇವುಗಳಲ್ಲಿ ಒಂದು ಕಂಡರೂ "ದೊಡ್ಡೋನಾದ್ರೆ ಸರಿಹೋಗುತ್ತೆ" ಅಂತ ಕಾಯಬೇಡಿ. ದುಡ್ಡಿನ ಚಿಂತೆ ಇದ್ದವರು ಅಂಗನವಾಡಿಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಾಗಿನಿಂದ 18 ವರ್ಷದವರೆಗೆ ಮಕ್ಕಳ ತಪಾಸಣೆ ಉಚಿತ.

ಪುಟ್ಟನ ಕಣ್ಣು, ಕಿವಿ, ಕೈಕಾಲಿನ ಬಲ ಎಲ್ಲ ಸರಿಯಿತ್ತು. ಎರಡನೇ ಭೇಟಿಗೆ ಬಂದಾಗ ಅಮ್ಮನ ಮುಖ ಸ್ವಲ್ಪ ಹಗುರಾಗಿತ್ತು. ಒಂದು ಹಾಳೆ ಕೊಟ್ಟು, ಅವನ ನಿನ್ನೆಯ ದಿನ ಪೂರ್ತಿ ಬರೆಯಿರಿ ಅಂದೆ. ಏಳೋದು, ಟಿವಿ ಮುಂದೆ ತಿಂಡಿ, ವ್ಯಾನು, ಬೆಂಚು, ವ್ಯಾನು, ಊಟ, ಮೊಬೈಲು, ನಿದ್ದೆ, ಮೊಬೈಲು. ಮೈ ಆಡಿದ ಹೊತ್ತು ಕೂಡಿಸಿದರೆ ನಲವತ್ತು ನಿಮಿಷವೂ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷದ ಓಡಾಟ, ಅದರಲ್ಲಿ 60 ನಿಮಿಷ ಉಸಿರು ಜೋರಾಗುವಂಥದ್ದು. ಸ್ಕ್ರೀನು ಒಂದು ಗಂಟೆಯ ಒಳಗೆ. ಹಾಳೆ ನೋಡಿ ಅಮ್ಮ ಸುಮ್ಮನಾದರು.

"ಇವನು ನಡೆಯೋದು ಯಾವಾಗ ಕಲಿತ?" ಅಂದೆ. ಹದಿಮೂರು ತಿಂಗಳಿಗೇ. ಹಾಗಾದರೆ ಒಬ್ಬನೇ ಓಡಾಡೋದು ನಿಂತುಹೋಗಿದ್ದು ಯಾವಾಗ? ಅಲ್ಲಿಂದ ನಿಜವಾದ ಕಥೆ ಬಂತು. ಪುಟ್ಟನಿಗಿಂತ ಮುಂಚೆ ಒಂದು ಮಗು ಏಳನೇ ತಿಂಗಳಲ್ಲಿ ಹೋಗಿತ್ತು. ಇವನು ಹರಕೆಯ ಮಗ. ಎರಡು ವರ್ಷದವನಿದ್ದಾಗ ಹಿತ್ತಿಲ ಮೆಟ್ಟಿಲಿಂದ ಬಿದ್ದು ಹಣೆಗೆ ಮೂರು ಹೊಲಿಗೆ. ಆವತ್ತು ಅಮ್ಮ ಸ್ನಾನಕ್ಕೆ ಹೋಗಿದ್ದರು, ನೋಡಿಕೊಳ್ಳುತ್ತಿದ್ದದ್ದು ಅಜ್ಜಿ. ಸೊಸೆ ಒಂದು ಮಾತೂ ಆಡಲಿಲ್ಲ. ಅಜ್ಜಿಗೆ ಅದೇ ಜಾಸ್ತಿ ಚುಚ್ಚಿತ್ತು. ಅವತ್ತಿನಿಂದ ಅವರು ಮಗುವನ್ನು ಕೆಳಗಿಳಿಸಿದ್ದೇ ಕಡಿಮೆ.

ಇದನ್ನು ಹೇಳುವಾಗ ಅಜ್ಜಿ ಅತ್ತರು. ಸೊಸೆ ಅವರ ಕೈ ಹಿಡಿದು "ಅತ್ತೆ, ನಾನು ನಿಮ್ಮನ್ನ ಯಾವತ್ತೂ ತಪ್ಪು ಅಂದ್ಕೊಂಡಿಲ್ಲ" ಅಂದರು. ಎರಡು ವರ್ಷ ಬೇಕಾಯಿತು ಈ ಒಂದು ಮಾತಿಗೆ. ಅಷ್ಟು ಹೊತ್ತು ಪುಟ್ಟ ನನ್ನ ಮೇಜಿನ ಕೆಳಗೆ ಹೊಕ್ಕು ಆಚೆ ಬದಿಯಿಂದ ತೆವಳಿ ಬರುತ್ತಿದ್ದ, ಯಾರ ಬೆರಳೂ ಇಲ್ಲದೆ. ತೋರಿಸಿದೆ. ಇಬ್ಬರೂ ನಕ್ಕರು.

ಹೇಳಿದ ಸಲಹೆ ಸರಳ. ಮನೆಯಲ್ಲಿ ಎತ್ತಿಕೊಳ್ಳುವುದು ನಿಲ್ಲಲಿ. ಮನೆಯೊಳಗೆ ಬರಿಗಾಲು. ಬೆಳಿಗ್ಗೆ, ಸಂಜೆ ಕಾಲು ಗಂಟೆ ಆಟ. ಮೊದಲು ಹೊಸ್ತಿಲಿಂದ ಎರಡೂ ಕಾಲು ಕೂಡಿಸಿ ನೆಗೆಯುವುದು, ಒಂದು ವಾರ ಅಷ್ಟೇ. ಹಿಡಿಯಲು ಬಲೂನು, ಯಾಕಂದರೆ ಅದು ನಿಧಾನಕ್ಕೆ ಬರುತ್ತದೆ, ಬಡಿದರೂ ನೋಯುವುದಿಲ್ಲ. ಆಮೇಲೆ ಹಳೇ ಬನಿಯನ್ನು ಸುತ್ತಿ ಕಟ್ಟಿದ ಚೆಂಡು. "ಮಂಡಿ ಬಗ್ಗಿಸು, ಕೈ ಹಿಂದೆ ಮಾಡು" ಅಂತ ಪಾಠ ಬೇಡ. ತೋರಣದ ಎಲೆ ಮುಟ್ಟು ಅಂದರೆ ಮಂಡಿ ತಾನೇ ಬಗ್ಗುತ್ತದೆ. ಅಮ್ಮನಿಗೆ ಮಾತ್ರ ಒಂದು ಬೇರೆ ಕೆಲಸ: ಆಟದ ಹೊತ್ತು ಎರಡೂ ಕೈ ಬೆನ್ನ ಹಿಂದೆ.

ನೆಲಕ್ಕೆ ಒಂದು ಗೆರೆ ಎಳೆದು ಕೆರೆ-ದಡ ಆಡಿಸಿ ಅಂದಿದ್ದೇ ತಡ, ಅಜ್ಜಿ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೆರೆ! ದಡ! ದಡ!" ಅಂತ ಕೂಗಿ ತಾವೇ ಗೆರೆಯ ಆಚೆ ಈಚೆ ನೆಗೆದರು. ಎರಡನೇ ಸಲ "ದಡ" ಅಂದಾಗ ಕದಲಬಾರದು, ಕದಲಿದರೆ ಔಟು. ಚಿಕ್ಕಂದಿನಲ್ಲಿ ಕಾಫಿ ಕಣದಲ್ಲಿ ಕುಂಟೆಬಿಲ್ಲೆ ಆಡಿದರೆ ತಮ್ಮನ್ನು ಸೋಲಿಸುವವರೇ ಇರಲಿಲ್ಲವಂತೆ. ಇಷ್ಟೆಲ್ಲ ಬರುವ ಗುರು ಮನೆಯಲ್ಲೇ ಇದ್ದು, ನಾನು ಫೀಸು ತಗೊಳ್ಳೋದು ನ್ಯಾಯವೇ?

ಮಧ್ಯೆ ನನ್ನಿಂದ ಒಂದು ಎಡವಟ್ಟಾಯಿತು. ಅಪ್ಪನೂ ಕೈಜೋಡಿಸಲಿ ಅಂತ ಟಿಕ್ ಹಾಕುವ ಚಾರ್ಟ್ ಕೊಟ್ಟೆ. ಅವರು ಉತ್ಸಾಹಿ. ಸೀಟಿ ತಂದರು, ವಿಡಿಯೋ ಮಾಡಿದರು, ಅಣ್ಣನ ಮಗನ ವಿಡಿಯೋ ಜೊತೆ ಹೋಲಿಸಿದರು. ಹತ್ತೇ ದಿನಕ್ಕೆ ಸೀಟಿ ಕೇಳಿದರೆ ಪುಟ್ಟ ಮಂಚದ ಕೆಳಗೆ. ಫೋನ್ ಮಾಡಿ ಚಾರ್ಟ್ ಹರಿದುಹಾಕಿ ಅಂದೆ. ಅಪ್ಪನಿಗೆ ಬೇರೆ ಕೆಲಸ ಕೊಟ್ಟೆ. ಮಳೆ ನಿಂತ ಭಾನುವಾರ ರತ್ನಗಿರಿ ಬೋರೆಗೆ ಕರೆದುಕೊಂಡು ಹೋಗಿ, ಇಳಿಜಾರಲ್ಲಿ ಬಿಡಿ, ನೀವೂ ಓಡಿ, ಮೊಬೈಲು ಜೇಬಲ್ಲಿರಲಿ.

ಸೆಪ್ಟೆಂಬರ್ ಕೊನೆಗೆ ಬಂದಾಗ ಮಂಡಿಯಲ್ಲಿ ಎರಡು ಒಣಗಿದ ಗಾಯ ಇದ್ದವು. ಅಜ್ಜಿ ಅದನ್ನು ಪದಕದ ಹಾಗೆ ತೋರಿಸಿದರು. ಬನಿಯನ್ ಚೆಂಡು ಹತ್ತಕ್ಕೆ ಆರು ಸಲ ಹಿಡಿಯುತ್ತಾನೆ. ಬಲಗಾಲಲ್ಲಿ ನಾಲ್ಕು ಕುಂಟು ಹಾಕುತ್ತಾನೆ, ಎಡಗಾಲಲ್ಲಿ ಒಂದೇ. ಐದು ವರ್ಷ ತುಂಬುವ ಹೊತ್ತಿಗೆ ಬಂದರೆ ಸಾಕು, ಆತುರ ಬೇಡ ಅಂದೆ. ಎಲ್‌ಕೆಜಿ ಟೀಚರ್ ಈಗ ಡೈರಿಯಲ್ಲಿ ಬರೆಯುವುದು ಗಲಾಟೆ ಜಾಸ್ತಿ ಅಂತ.

ಹೊರಡುವಾಗ ಪುಟ್ಟ ಬಾಗಿಲ ಮೆಟ್ಟಿಲ ಮೇಲೆ ನಿಂತ. ಅಮ್ಮನ ಬೆರಳು ಅರ್ಧ ಹೋಗಿ ನಿಂತಿತು. ಬ್ಯಾಗಿನ ಜಿಪ್ಪು ಎಳೆಯತೊಡಗಿದರು, ಅದು ಮುಚ್ಚಿಯೇ ಇತ್ತು. "ಮೂರು ಚಕ್ರದ ಸೈಕಲ್ ಕೇಳ್ತಿದ್ದಾನೆ ಮೇಡಂ," ಅಂದರು ಅಜ್ಜಿ, "ಅದು ಮಾತ್ರ ಬೇಡ ಅಂತ ನೀವೇ ಹೇಳಿ." ದೀಪಾವಳಿ ಆದ ಮೇಲೆ ಮಾತಾಡೋಣ ಅಂದೆ.